ದಣಿವಿನ ಅರ್ಥ: ಯಕೋಬನ ಬಾವಿಯ ಬಳಿ ಒಂದು ಚಿಂತನೆ

ಪೀಠಿಕೆ

ದಣಿವು ಸರ್ವರ ಅನುಭವ. ಆದರೂ ದೈವಶಾಸ್ತ್ರದ ಪಾಠಕ್ರಮದಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವಿಲ್ಲ. ಪಾಪ, ಯಾತನೆ, ಮರಣಗಳನ್ನು ಕುರಿತು ನಾವು ವಿಸ್ತಾರವಾಗಿ ಬೋಧಿಸುತ್ತೇವೆ. ದಣಿವನ್ನು ಮಾತ್ರ ವೈದ್ಯರ ಸಲಹೆಗೂ ರಜಾದಿನಗಳಿಗೂ ಬಿಟ್ಟುಕೊಡುತ್ತೇವೆ. ಇದರಿಂದ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಬೆಳೆದಿವೆ. ದಿನವಿಡೀ ದುಡಿದು, ಇರುಳು ಜಪಸರ ಹಿಡಿದು ಕುಳಿತಾಗ ಕಣ್ಣು ಮುಚ್ಚಿಕೊಂಡುದನ್ನು ಪಾಪವೆಂದು ಎಣಿಸಿ ಕೊರಗುವ ಭಕ್ತರು ಒಂದು ಕಡೆ. ಪ್ರಾರ್ಥನೆಯಲ್ಲಿ ರುಚಿ ಕಳೆದುಕೊಂಡು ಎಷ್ಟೋ ಕಾಲವಾಗಿದ್ದರೂ ‘ಕೆಲಸ ಹೆಚ್ಚಾಗಿದೆ’ ಎಂಬ ಒಂದೇ ಮಾತಿನಿಂದ ತಮ್ಮ ಸ್ಥಿತಿಯನ್ನು ವಿವರಿಸಿ ಮುಗಿಸುವ ನಮ್ಮಂಥ ಯಾಜಕರು ಇನ್ನೊಂದು ಕಡೆ. ಮೊದಲನೆಯವರು ಪಾಪವಲ್ಲದುದನ್ನು ಪಾಪವೆನ್ನುತ್ತಾರೆ. ಎರಡನೆಯವರು ಆತ್ಮದ ರೋಗವನ್ನು ದೇಹದ ಆಯಾಸವೆನ್ನುತ್ತಾರೆ.

ಈ ಲೇಖನದಲ್ಲಿ ನಾವು ಕೇಳಬಯಸುವ ಪ್ರಶ್ನೆ ಇಷ್ಟೇ: ಕ್ರೈಸ್ತ ವಿಶ್ವಾಸದ ಬೆಳಕಿನಲ್ಲಿ ದಣಿವು ಎಂದರೇನು? ಒಂದು ದಣಿವನ್ನು ಮತ್ತೊಂದರಿಂದ ಬೇರ್ಪಡಿಸಿ ತಿಳಿಯುವ ಬಗೆ ಹೇಗೆ? ಇದು ಕೇವಲ ಪದವಿವೇಚನೆಯ ಪ್ರಶ್ನೆಯಲ್ಲ. ನಿದ್ದೆ ಬೇಕಾದವನಿಗೆ ಪಶ್ಚಾತ್ತಾಪವನ್ನು ಬೋಧಿಸುವುದೂ, ಮನಃಪರಿವರ್ತನೆ ಬೇಕಾದವನಿಗೆ ನಿದ್ದೆಯನ್ನು ಸೂಚಿಸುವುದೂ ಆತ್ಮಗಳ ಪಾಲನೆಯಲ್ಲಿ ಗಂಭೀರವಾದ ಹಾನಿಯನ್ನು ಉಂಟುಮಾಡಬಲ್ಲವು.

1. ಪದಗಳ ಸಾಕ್ಷ್ಯ

ಕನ್ನಡದಲ್ಲಿ ದಣಿವು, ಬಳಲಿಕೆ, ಆಯಾಸ, ಶ್ರಮ, ಬೇಸರ, ಆಲಸ್ಯ ಎಂಬ ಪದಗಳು ಒಂದರ ಪಕ್ಕ ಒಂದು ನಿಂತಿವೆ. ಇವುಗಳಲ್ಲಿ ‘ಶ್ರಮ’ ಮತ್ತು ‘ಆಯಾಸ’ ವಿಶೇಷವಾಗಿ ಗಮನಾರ್ಹ. ಸಂಸ್ಕೃತದಿಂದ ಬಂದ ಈ ಎರಡೂ ಪದಗಳಿಗೆ ದುಡಿಮೆ, ದುಡಿಮೆಯಿಂದಾದ ಬಳಲಿಕೆ ಎಂಬ ಎರಡು ಅರ್ಥಗಳೂ ಮೂಲದಲ್ಲಿಯೇ ಇವೆ. ದೂರದಿಂದ ನಡೆದು ಬಂದವನ ಬಳಲಿಕೆಯನ್ನು ನಾವು ‘ಮಾರ್ಗಾಯಾಸ’ ಎನ್ನುತ್ತೇವೆ. ಕ್ರಿಸ್ತನ ಯಾತನೆಗೂ ನಮ್ಮ ಕ್ರೈಸ್ತ ಕನ್ನಡದಲ್ಲಿ ‘ಶ್ರಮೆ’ ಎಂಬ ಪದ ಬಳಕೆಯಲ್ಲಿದೆ.

ಪವಿತ್ರ ಗ್ರಂಥದ ಭಾಷೆಗಳಲ್ಲಿಯೂ ಇದೇ ಸ್ಥಿತಿ. ಹೀಬ್ರೂ ಭಾಷೆಯ ‘ಯಾಗಾ’ ಎಂಬ ಧಾತು ದುಡಿಯುವುದನ್ನೂ ದಣಿಯುವುದನ್ನೂ ಒಟ್ಟಿಗೆ ಸೂಚಿಸುತ್ತದೆ. ಗ್ರೀಕ್ ಭಾಷೆಯ ‘ಕೊಪೋಸ್’ ಎಂಬ ನಾಮಪದಕ್ಕೆ ಮೂಲದಲ್ಲಿ ‘ಹೊಡೆತ’ ಎಂಬ ಅರ್ಥವಿತ್ತು; ಅನಂತರ ಅದು ಹೊಡೆತ ತಿಂದವನಂತೆ ಬಳಲುವುದಕ್ಕೂ, ಹಾಗೆ ಬಳಲಿಸುವ ದುಡಿಮೆಗೂ ಹೆಸರಾಯಿತು. ಅದರ ಕ್ರಿಯಾರೂಪವಾದ ‘ಕೊಪಿಯಾವೊ’ ಹೊಸ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಂತ ಪೌಲನು ತನ್ನ ಪ್ರೇಷಿತ ಕಾರ್ಯವನ್ನು ವರ್ಣಿಸುವಾಗ ಆರಿಸಿಕೊಳ್ಳುವ ಪದ ಇದೇ (1 ಕೊರಿಂಥ 15:10, ಕೊಲೊಸ್ಸೆ 1:29). ರೋಮ್ ನಗರದ ಸಭೆಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಅವನು ಅನೇಕರಿಗೆ ವಂದನೆ ಹೇಳುತ್ತಾನಾದರೂ ಈ ಕ್ರಿಯಾಪದವನ್ನು ನಾಲ್ವರಿಗೆ ಮಾತ್ರ ಮೀಸಲಿಡುತ್ತಾನೆ: ಮರಿಯ, ತ್ರುಫೈನ, ತ್ರುಫೋಸ ಮತ್ತು ಪೆರ್ಸಿಸ್ (ರೋಮ 16:6, 12). ನಾಲ್ವರೂ ಸ್ತ್ರೀಯರು. ಧರ್ಮಸಭೆಗಾಗಿ ದಣಿದವರ ಮೊದಲ ಪಟ್ಟಿಗಳಲ್ಲೊಂದು ಸ್ತ್ರೀಯರ ಪಟ್ಟಿಯಾಗಿದೆ ಎಂಬುದನ್ನು ನಮ್ಮ ಧರ್ಮಕೇಂದ್ರಗಳು ಮರೆಯಬಾರದು.

ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲನು ಒಳಿತನ್ನು ಮಾಡುವುದರಲ್ಲಿ ಬೇಸರಗೊಳ್ಳಬಾರದೆಂದು ಎಚ್ಚರಿಸುವಾಗ ಬಳಸುವ ಪದವಾದರೋ ಬೇರೆ (ಗಲಾತ್ಯ 6:9). ಅಲ್ಲಿರುವುದು ‘ಎಂಕಾಕೆಯೊ’, ಅಂದರೆ ಎದೆಗುಂದುವುದು, ಮನಸ್ಸನ್ನು ಕೈಬಿಡುವುದು. ದಣಿಯಬೇಡಿರೆಂದು ಅವನು ಅಲ್ಲಿ ಹೇಳುತ್ತಿಲ್ಲ. ದಣಿವು ಅವನಿಗೆ ಸೇವೆಯ ಗುರುತು. ಅವನು ನಿಷೇಧಿಸುವುದು ಒಳಿತಿನ ಬಗೆಗೇ ಹುಟ್ಟುವ ಬೇಸರವನ್ನು. ನಮ್ಮ ಚಿಂತನೆಯ ಮುಖ್ಯ ಭೇದ ಇಲ್ಲಿಯೇ ಬೀಜರೂಪದಲ್ಲಿದೆ.

2. ದಣಿದವರಿಗೆ ದೇವರು ಕೊಡುವ ಉತ್ತರ

ಹಳೆಯ ಒಡಂಬಡಿಕೆಯಲ್ಲಿ ದಣಿದವರಿಗೆ ದೇವರು ಏನು ಹೇಳುತ್ತಾರೆ ಎಂಬುದಕ್ಕಿಂತ ಏನು ಕೊಡುತ್ತಾರೆ ಎಂಬುದನ್ನು ನೋಡುವುದು ಹೆಚ್ಚು ಫಲದಾಯಕ. ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಮೇಲೆತ್ತಿದ ಮೋಶೆಯ ಕೈಗಳು ಸೋಲುತ್ತವೆ. ಅವನಿಗೆ ಕೂರಲು ಒಂದು ಕಲ್ಲು ದೊರೆಯುತ್ತದೆ. ಆರೋನನೂ ಹೂರನೂ ಎರಡು ಕಡೆ ನಿಂತು ಸೂರ್ಯಾಸ್ತದವರೆಗೆ ಅವನ ಕೈಗಳಿಗೆ ಆಸರೆಯಾಗುತ್ತಾರೆ (ವಿಮೋ 17:12). ಮರುಭೂಮಿಯಲ್ಲಿ ಇಡೀ ಜನಾಂಗದ ಭಾರವನ್ನು ತಾನೊಬ್ಬನೇ ಹೊರಲಾರೆನೆಂದು ಅವನು ಮರಣವನ್ನು ಬೇಡಿದಾಗ, ದೇವರು ಆ ಮಾತಿಗಾಗಿ ಅವನನ್ನು ಗದರಿಸುವುದಿಲ್ಲ. ಭಾರವನ್ನು ಹಂಚಿಕೊಳ್ಳಲು ಎಪ್ಪತ್ತು ಹಿರಿಯರನ್ನು ಕೊಡುತ್ತಾರೆ (ಸಂಖ್ಯಾ 11:14-17).

ಎಲೀಯನ ಪ್ರಸಂಗ ಇನ್ನೂ ಸ್ಪಷ್ಟ. ಈಜೆಬೆಲಳಿಗೆ ಹೆದರಿ ಓಡಿ, ಮರುಭೂಮಿಯ ಗಿಡವೊಂದರ ಅಡಿಯಲ್ಲಿ ಸಾವನ್ನು ಕೇಳಿಕೊಂಡು ಮಲಗಿದ ಪ್ರವಾದಿಯನ್ನು ದೂತನು ತಟ್ಟಿ ಎಬ್ಬಿಸುತ್ತಾನೆ. ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಮುಂದಿಡುತ್ತಾನೆ. ಎಲೀಯನು ತಿಂದು, ಕುಡಿದು, ಮತ್ತೆ ಮಲಗುತ್ತಾನೆ. ಇದಕ್ಕೂ ಆಕ್ಷೇಪಣೆಯಿಲ್ಲ, ದೂತನು ಎರಡನೆಯ ಸಲ ಬಂದು ಮತ್ತೆ ಉಣ್ಣಿಸುತ್ತಾನೆ. ಇಲ್ಲಿಗೆ ಏಕೆ ಬಂದೆ ಎಂಬ ದೇವರ ಪ್ರಶ್ನೆ ಕೇಳಿಬರುವುದು ನಲವತ್ತು ದಿನಗಳ ನಡಿಗೆಯ ನಂತರ, ಹೋರೇಬ್ ಬೆಟ್ಟದಲ್ಲಿ (1 ಅರಸು 19:4-9). ನಮ್ಮ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಬಿಸಿಲಿನಿಂದ ಬಂದವರ ಮುಂದೆ ಮೊದಲು ಬೆಲ್ಲ ನೀರು ಇಡುತ್ತಿದ್ದರು. ಬಂದ ಕಾರಣವನ್ನು ವಿಚಾರಿಸುವುದು ಅವರು ದಣಿವಾರಿಸಿಕೊಂಡ ಮೇಲೆಯೇ. ದೇವರ ಕ್ರಮವೂ ಇದೇ: ಮೊದಲು ರೊಟ್ಟಿ, ಆಮೇಲೆ ಪ್ರಶ್ನೆ. ಪ್ರಶ್ನೆ ಇಲ್ಲದೆ ಹೋಗುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ತಾನೊಬ್ಬನೇ ಉಳಿದಿದ್ದೇನೆ ಎಂಬ ಎಲೀಯನ ಭಾವನೆಯನ್ನು ದೇವರು ತಿದ್ದುತ್ತಾರೆ. ಏಳು ಸಾವಿರ ಜನ ಉಳಿದಿರುವುದನ್ನು ತಿಳಿಸಿ, ಎಲೀಷನನ್ನು ಅವನಿಗೆ ಉತ್ತರಾಧಿಕಾರಿಯಾಗಿ ಕೊಡುತ್ತಾರೆ.

ಕಲ್ಲು, ರೊಟ್ಟಿ, ನಿದ್ದೆ, ಜೊತೆಗಾರರು: ದಣಿದವರಿಗೆ ದೊರೆತ ಕೊಡುಗೆಗಳಿವು. ಇವುಗಳಿಂದ ನಮ್ಮ ಮೊದಲ ನಿರ್ಣಯ ಮೂಡುತ್ತದೆ. ದಣಿವು ಸೃಷ್ಟಿಗೆ ಸಹಜವಾದ ಮಿತಿ. ತನ್ನ ಜೀವದ ಬುಗ್ಗೆ ತನ್ನಲ್ಲೇ ಇಲ್ಲವೆಂದು ಮನುಷ್ಯನ ದೇಹವೇ ದಿನಕ್ಕೊಮ್ಮೆ ಒಪ್ಪಿಕೊಳ್ಳುವ ಕ್ಷಣ ಅದು. ಆ ಕ್ಷಣದಲ್ಲಿ ಅವನು ಕೊಡುವವನ ಸ್ಥಾನದಿಂದ ಇಳಿದು, ಪಡೆಯುವವನ ಸ್ಥಾನಕ್ಕೆ ಬರುತ್ತಾನೆ.

3. ದಣಿದು ಕುಳಿತ ಕ್ರಿಸ್ತ

ಆದರೆ ದೇವರು ದಣಿಯುವರೇ? ದಣಿಯುವುದಿಲ್ಲ ಎಂಬುದು ಯೆಶಾಯನ ಗ್ರಂಥದ ಘೋಷಣೆ (ಯೆಶಾ 40:28). ಆ ವಾಕ್ಯದ ಪ್ರಾಚೀನ ಗ್ರೀಕ್ ಅನುವಾದದಲ್ಲಿರುವ ಕ್ರಿಯಾಪದವೂ ‘ಕೊಪಿಯಾವೊ’. ಅದೇ ಗ್ರಂಥದ ಮೂರು ಅಧ್ಯಾಯಗಳ ಆಚೆ ದೇವರು ತಮ್ಮ ಪ್ರಜೆಯ ಮೇಲೆ ಬೇರೊಂದು ದೂರನ್ನು ಹೊರಿಸುತ್ತಾರೆ: ನಾನು ಧೂಪ ನೈವೇದ್ಯಗಳಿಂದ ನಿಮ್ಮನ್ನು ದಣಿಸಲಿಲ್ಲ, ನೀವೇ ನಿಮ್ಮ ಅಪರಾಧಗಳಿಂದ ನನ್ನನ್ನು ದಣಿಸಿದ್ದೀರಿ ಎಂಬುದು ಅದರ ಭಾವ (ಯೆಶಾ 43:23-24). ದಣಿಯದ ದೇವರು ತಮ್ಮ ಪ್ರೀತಿಯ ಕಾರಣದಿಂದ ದಣಿದವರಂತೆ ಮಾತನಾಡುತ್ತಾರೆ.

ಯೊವಾನ್ನನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಇದು ಉಪಮೆಯ ಮಾತಾಗಿ ಉಳಿಯುವುದಿಲ್ಲ. ಯೇಸು ಪ್ರಯಾಣದಿಂದ ದಣಿದು ಯಕೋಬನ ಬಾವಿಯ ಬಳಿ ಕುಳಿತರೆಂದು ಶುಭಸಂದೇಶಕಾರನು ಬರೆಯುವಾಗ (ಯೊವಾ 4:6), ದೇವರ ವಿಷಯದಲ್ಲಿ ಯೆಶಾಯನು ನಿರಾಕರಿಸಿದ ಅದೇ ಕ್ರಿಯಾಪದವನ್ನು ಆ ಗ್ರೀಕ್ ಪಠ್ಯವನ್ನು ಬಲ್ಲವರು ಇಲ್ಲಿ ಕೇಳಿಸಿಕೊಳ್ಳದೆ ಇರಲಾರರು. ಎಲ್ಲವನ್ನೂ ಉಂಟುಮಾಡಿದ ವಾರ್ತೆಯು ಮನುಷ್ಯರಾದಾಗ ಕಾಲು ನೋವನ್ನೂ ಬಾಯಾರಿಕೆಯನ್ನೂ ಸ್ವೀಕರಿಸಿತು. ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ತೀನರು ಈ ಶುಭಸಂದೇಶದ ಮೇಲಿನ ತಮ್ಮ 15ನೆಯ ಪ್ರವಚನದಲ್ಲಿ ಈ ವಾಕ್ಯದ ಬಳಿ ತಡೆದು ನಿಲ್ಲುತ್ತಾರೆ. ಅವರ ವಿವರಣೆಯ ಸಾರ ಇದು: ಕ್ರಿಸ್ತರ ಬಲ ನಮ್ಮನ್ನು ಸೃಷ್ಟಿಸಿತು, ಅವರ ಬಲಹೀನತೆ ನಮ್ಮನ್ನು ಪುನಃ ಸೃಷ್ಟಿಸಿತು, ಅವರ ಪ್ರಯಾಣವೆಂದರೆ ನಮಗಾಗಿ ಅವರು ಧರಿಸಿದ ದೇಹವೇ.

ಈ ದಣಿವಿನಿಂದ ಏನು ಹೊರಡುತ್ತದೆ? ಒಂದು ಬೇಡಿಕೆ. ಯೆಹೂದ್ಯ ಪುರುಷನೊಬ್ಬನು ಸಮಾರ್ಯದ ಸ್ತ್ರೀಯಲ್ಲಿ ನೀರನ್ನು ಕೇಳುತ್ತಾನೆ. ಅವನ ಬಳಿ ಸೇದುವ ಪಾತ್ರೆಯಿಲ್ಲ, ಬಾವಿ ಆಳವಾಗಿದೆ. ಅವಳಿಗೆ ಜೀವಜಲವನ್ನು ಕೊಡಬಲ್ಲವನು ಮೊದಲು ಅವಳ ಮುಂದೆ ಯಾಚಕನಾಗಿ ಕುಳಿತುಕೊಳ್ಳುತ್ತಾನೆ. ಆ ಯಾಚನೆಯೇ ಅವರ ನಡುವಿನ ತಲೆಮಾರುಗಳ ಗೋಡೆಯನ್ನು ದಾಟುವ ದಾರಿಯಾಗುತ್ತದೆ. ದಣಿಯದೆ, ಬಾಯಾರದೆ, ಸಿದ್ಧ ಉತ್ತರಗಳನ್ನು ಹೊತ್ತು ಬಂದ ಬೋಧಕನಿಗೆ ಅವಳು ಹೀಗೆ ತೆರೆದುಕೊಳ್ಳುತ್ತಿದ್ದಳೇ? ಸೇವೆಯಲ್ಲಿ ತೊಡಗಿದ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕೊಡುವುದನ್ನು ಬಲ್ಲ, ಕೇಳುವುದನ್ನು ಅರಿಯದ ಯಾಜಕನ ಸೇವೆ ಬಾವಿಯ ಕಟ್ಟೆಯವರೆಗೂ ತಲುಪುವುದಿಲ್ಲ.

ಅಧ್ಯಾಯದ ಮುಂದಿನ ಭಾಗದಲ್ಲಿ ಯೇಸು ಶಿಷ್ಯರಿಗೆ ಸುಗ್ಗಿಯ ವಿಷಯವನ್ನು ಹೇಳುತ್ತಾ, ಇತರರು ದುಡಿದ ಫಲವನ್ನು ಅವರು ಕೊಯ್ಯುತ್ತಿದ್ದಾರೆಂದು ತಿಳಿಸುತ್ತಾರೆ (ಯೊವಾ 4:38). ಅಲ್ಲಿಯೂ ‘ಕೊಪಿಯಾವೊ’, ‘ಕೊಪೋಸ್’ ಎಂಬ ಪದಗಳೇ ಇವೆ. ಬಾವಿಯ ಬಳಿಯ ಮಾರ್ಗಾಯಾಸ ಸುಗ್ಗಿಯ ಬಿತ್ತನೆಯೇ ಆಗಿತ್ತು. ಆ ಹೊತ್ತು ಆರನೆಯ ತಾಸು, ಅಂದರೆ ನಡುಮಧ್ಯಾಹ್ನ. ಇದೇ ಶುಭಸಂದೇಶದಲ್ಲಿ ಪಿಲಾತನು ಯೇಸುವನ್ನು ಜನರ ಮುಂದೆ ನಿಲ್ಲಿಸುವುದೂ ಸುಮಾರು ಆರನೆಯ ತಾಸಿನಲ್ಲಿ (ಯೊವಾ 19:14). ಶಿಲುಬೆಯ ಮೇಲೆ ಅವರು ಮತ್ತೆ ಬಾಯಾರಿಕೆಯನ್ನು ಹೇಳಿಕೊಳ್ಳುತ್ತಾರೆ (19:28). ಬಾವಿಯ ಬಳಿ ಆರಂಭವಾದ ದಣಿವು ಕಲ್ವಾರಿಯಲ್ಲಿ ಪೂರ್ಣವಾಗುತ್ತದೆ. ಆದುದರಿಂದ ದಣಿದವರನ್ನೂ ಹೊರೆಹೊತ್ತವರನ್ನೂ ತಮ್ಮ ಬಳಿಗೆ ಕರೆಯುವವರು (ಮತ್ತಾ 11:28) ದಣಿವನ್ನು ಹೊರಗಿನಿಂದ ನೋಡಿದವರಲ್ಲ.

4. ಮಧ್ಯಾಹ್ನದ ಪಿಶಾಚಿ

ಇದೇ ನಡುಹಗಲಿನ ಹೊತ್ತನ್ನು ಈಜಿಪ್ಟಿನ ಮರುಭೂಮಿಯ ವಿರಕ್ತರು ಬೇರೊಂದು ದಣಿವಿನ ಹೊತ್ತೆಂದು ಗುರುತಿಸಿದರು. 4ನೆಯ ಶತಮಾನದ ಪೋಂತುಸಿನ ಎವಾಗ್ರಿಯುಸ್ ತನ್ನ ‘ಪ್ರಾಕ್ತಿಕೋಸ್’ ಎಂಬ ಕೃತಿಯಲ್ಲಿ ‘ಅಕೇದಿಯ’ ಎಂಬ ದುರಾಲೋಚನೆಯನ್ನು ವರ್ಣಿಸುತ್ತಾನೆ. ಗ್ರೀಕ್ ಮೂಲದಲ್ಲಿ ಆ ಪದಕ್ಕೆ ಕಾಳಜಿಯೇ ಇಲ್ಲದಿರುವಿಕೆ ಎಂದರ್ಥ. 91ನೆಯ ಕೀರ್ತನೆಯ ಗ್ರೀಕ್ ಅನುವಾದದಲ್ಲಿ ಬರುವ ‘ಮಧ್ಯಾಹ್ನದ ಪಿಶಾಚಿ’ ಇದೇ ಎಂದು ಅವನು ತಿಳಿಯುತ್ತಾನೆ. ಅವನು ಕೊಡುವ ಲಕ್ಷಣಗಳು ಇಂದಿಗೂ ಚಿರಪರಿಚಿತ: ಹೊತ್ತು ಸರಿಯದೆ ನಿಂತಂತೆ ತೋರುತ್ತದೆ, ವಿರಕ್ತನು ಪದೇ ಪದೇ ಕಿಟಕಿಯತ್ತ ನೋಡುತ್ತಾನೆ, ಇರುವ ಸ್ಥಳದ ಮೇಲೆ, ಕೈಕೆಲಸದ ಮೇಲೆ, ಜೊತೆಯ ಸಹೋದರರ ಮೇಲೆ ಜುಗುಪ್ಸೆ ಹುಟ್ಟುತ್ತದೆ, ಬೇರೆಲ್ಲೋ ಹೋದರೆ ಬಾಳು ಹಗುರಾದೀತೆಂಬ ಕಲ್ಪನೆ ಮನಸ್ಸನ್ನು ಆವರಿಸುತ್ತದೆ.

ಅವನ ಬೋಧನೆಯನ್ನು ಪಶ್ಚಿಮದ ಧರ್ಮಸಭೆಗೆ ತಲುಪಿಸಿದ ಸಂತ ಯೊವಾನ್ನ ಕಾಸಿಯಾನರು ಒಂದು ಸೂಕ್ಷ್ಮ ಅಂಶವನ್ನು ಸೇರಿಸುತ್ತಾರೆ. ಅಕೇದಿಯಕ್ಕೆ ಸಿಕ್ಕಿದವನು ಯಾವಾಗಲೂ ಮಲಗಿಯೇ ಇರುವುದಿಲ್ಲ. ರೋಗಿಗಳನ್ನು ನೋಡಬೇಕು, ದಿಕ್ಕಿಲ್ಲದವರಿಗೆ ನೆರವಾಗಬೇಕು ಎಂಬ ಪುಣ್ಯದ ನೆಪದಿಂದ ತನ್ನ ಕೋಣೆಯನ್ನು ಬಿಟ್ಟು ಓಡುವುದೂ ಉಂಟು. ಎಂದರೆ ಎಡೆಬಿಡದ ಚಟುವಟಿಕೆಯೂ ಅಕೇದಿಯದ ಮುಖವಾಡವಾಗಬಲ್ಲದು. 2013ರ ‘ಎವಾಂಜೆಲಿಯಿ ಗೌದಿಯುಮ್’ ಪ್ರಬೋಧನೆಯಲ್ಲಿ (81-83) ಜಗದ್ಗುರು ಫ್ರಾನ್ಸಿಸರು ಇದೇ ಎಳೆಯನ್ನು ಹಿಡಿದು, ಸಮಸ್ಯೆ ಯಾವಾಗಲೂ ಕೆಲಸದ ಹೆಚ್ಚಳದಲ್ಲಿರುವುದಿಲ್ಲ, ಸರಿಯಾದ ಪ್ರೇರಣೆಯೂ ಆಧ್ಯಾತ್ಮಿಕತೆಯೂ ಇಲ್ಲದೆ ಮಾಡುವ ಕೆಲಸದಲ್ಲಿದೆ ಎಂದು ವಿಶ್ಲೇಷಿಸಿದ್ದಾರೆ.

ಸಂತ ಥೋಮಸ್ ಅಕ್ವಿನಾಸರು ಇದರ ಸ್ವರೂಪವನ್ನು ನಿಖರವಾಗಿ ನಿರೂಪಿಸಿದರು. ‘ಸುಮ್ಮಾ ಥಿಯೊಲೋಜಿಯೆ’ಯ ಪ್ರಕಾರ ಅಕೇದಿಯವೆಂದರೆ ದೈವಿಕ ಒಳಿತಿನ ಬಗ್ಗೆಯೇ ಉಂಟಾಗುವ ದುಃಖ, ಅದು ದೈವಪ್ರೀತಿಯಿಂದ ಹುಟ್ಟುವ ಆನಂದಕ್ಕೆ ವಿರುದ್ಧವಾದುದು (ದ್ವಿತೀಯ ಭಾಗದ ದ್ವಿತೀಯ ವಿಭಾಗ, ಪ್ರಶ್ನೆ 35). ಆದುದರಿಂದ ಸೋಮಾರಿತನ ಎಂಬ ಅನುವಾದ ಸಾಲದು. ಸೋಮಾರಿಗೆ ಕೆಲಸ ಬೇಡ. ಅಕೇದಿಯ ಹಿಡಿದವನಿಗೆ ದೇವರು ಕೊಡುವ ಕೊಡುಗೆಯೇ ಬೇಡ.

ಈಗ ನಮ್ಮ ಮುಖ್ಯ ಭೇದವನ್ನು ಸ್ಪಷ್ಟವಾಗಿ ಹೇಳಬಹುದು. ಒಂದೇ ನಡುಹಗಲಿನಲ್ಲಿ ಎರಡು ದಣಿವುಗಳಿವೆ. ಬಾವಿಯ ಬಳಿ ಕುಳಿತವನು ದಣಿದಿದ್ದಾನೆ, ಅವನಿಗೆ ಬಾಯಾರಿಕೆಯಿದೆ, ಆದುದರಿಂದ ಕೇಳುತ್ತಾನೆ. ಕೋಣೆಯ ಕಿಟಕಿಯ ಬಳಿ ನಿಂತವನೂ ದಣಿದಿದ್ದಾನೆ, ಆದರೆ ಅವನಿಗೆ ಬಾಯಾರಿಕೆಯೇ ಇಲ್ಲ. ಬಾಯಾರಿಕೆ ಉಳಿದಿರುವ ದಣಿವು ಎಷ್ಟೇ ತೀವ್ರವಾಗಿದ್ದರೂ ಆರೋಗ್ಯವಂತ ಆತ್ಮದ ದಣಿವು. ಬಾಯಾರಿಕೆ ಆರಿಹೋದ ದಣಿವಿಗೆ, ದೇಹ ಎಷ್ಟೇ ಚುರುಕಾಗಿದ್ದರೂ, ಚಿಕಿತ್ಸೆ ಬೇಕು.

5. ಹೇರಿದ ದಣಿವು

ಮೂರನೆಯ ದಣಿವೊಂದಿದೆ, ಅದನ್ನು ಬಿಟ್ಟರೆ ನಮ್ಮ ಚಿಂತನೆ ಗುರುಮಠದ ಗೋಡೆಯೊಳಗೇ ಉಳಿಯುತ್ತದೆ. ಹುಲ್ಲನ್ನು ಕೊಡದೆ ಹಿಂದಿನಷ್ಟೇ ಇಟ್ಟಿಗೆಗಳನ್ನು ಕೇಳಿದ ಫರೋಹನು ಬಳಲಿದ ಇಸ್ರಯೇಲರಿಗೆ ಕೊಟ್ಟ ಹೆಸರು ‘ಮೈಗಳ್ಳರು’ (ವಿಮೋ 5:8, 17). ದಣಿಸಿದವನೇ ದಣಿದವನನ್ನು ಸೋಮಾರಿ ಎನ್ನುವುದು ಫರೋಹನ ಭಾಷೆ. ಆ ಭಾಷೆಗೆ ಉತ್ತರವಾಗಿ ಬಂದುದು ಸಬ್ಬತ್ತಿನ ಆಜ್ಞೆ. ಏಳನೆಯ ದಿನ ದೇವರು ವಿಶ್ರಮಿಸಿ ಚೇತರಿಸಿಕೊಂಡರೆಂದು ಹೇಳುವಾಗ (ವಿಮೋ 31:17) ಬಳಸಿರುವ ವಿರಳವಾದ ಹೀಬ್ರೂ ಕ್ರಿಯಾಪದವೇ, ದಾಸಿಯ ಮಗನೂ ಪರದೇಶಿಯೂ ಚೇತರಿಸಿಕೊಳ್ಳಬೇಕೆಂಬ ವಿಧಿಯಲ್ಲಿಯೂ ಇದೆ (ವಿಮೋ 23:12). ದೇವರ ವಿಶ್ರಾಂತಿಯಲ್ಲಿ ಕೂಲಿಯವನಿಗೂ ಪಾಲುಂಟು. 1891ರ ‘ರೇರುಮ್ ನೊವಾರುಮ್’ ವಿಶ್ವಪರಿಪತ್ರದಲ್ಲಿ ಜಗದ್ಗುರು 13ನೆಯ ಲಿಯೋ ಅವರು ಕೆಲಸದ ಅವಧಿ ಕಾರ್ಮಿಕನ ಶಕ್ತಿಯನ್ನು ಮೀರಬಾರದೆಂದು ಬೋಧಿಸಿದ್ದು ಈ ಪರಂಪರೆಯಲ್ಲಿಯೇ.

ಈ ಬೋಧನೆ ನಮ್ಮ ಅಡುಗೆಮನೆಗಳಿಂದ ಆರಂಭವಾಗಬೇಕು. ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಹೋಗಿ ಎಲ್ಲರಿಗೂ ಬಡಿಸುವ ತಾಯಿಗೆ ಪ್ರಭುವಿನ ದಿನ ಎಷ್ಟರ ಮಟ್ಟಿಗೆ ವಿಶ್ರಾಂತಿಯ ದಿನ? ಧರ್ಮಕೇಂದ್ರದ ಅಡುಗೆಯವರು, ಉಪದೇಶಿಗಳು, ಸಣ್ಣ ಸಂಬಳದ ಶಿಕ್ಷಕಿಯರು, ಧಾರ್ಮಿಕ ಭಗಿನಿಯರು ದಣಿದಿದ್ದೇವೆ ಎಂದಾಗ, ನಿಮ್ಮ ಕಷ್ಟವನ್ನು ದೇವರಿಗೆ ಒಪ್ಪಿಸಿರಿ ಎಂದಷ್ಟೇ ಹೇಳುವ ಹಕ್ಕು ನಮಗಿಲ್ಲ. ಮನುಷ್ಯರು ಹೇರಿದ ದಣಿವಿಗೆ ಮೊದಲ ಔಷಧ ನ್ಯಾಯ.

6. ವಿವೇಚನೆಯ ಕೆಲಸ

ಹಾಗಾದರೆ ಆತ್ಮಪಾಲಕನು ಏನು ಮಾಡಬೇಕು? ಮೊದಲು ದೇಹವನ್ನು ವಿಚಾರಿಸಬೇಕು. ಸಂತ ಥೋಮಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಧ್ಯಾನಗಳ ಜೊತೆಗೆ ನಿದ್ದೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ (ದ್ವಿತೀಯ ಭಾಗದ ಪ್ರಥಮ ವಿಭಾಗ, ಪ್ರಶ್ನೆ 38). ಅಕೇದಿಯವು ಮಧ್ಯಾಹ್ನವೇ ಕಾಡುವುದೇಕೆ ಎಂಬುದಕ್ಕೆ ಉಪವಾಸದ ಹಸಿವನ್ನೂ ಬಿಸಿಲಿನ ತಾಪವನ್ನೂ ಕಾರಣವಾಗಿ ಹೇಳಲು ಅವರು ಹಿಂಜರಿಯಲಿಲ್ಲ. ಸಾಕಷ್ಟು ನಿದ್ದೆ ಆಹಾರಗಳಿದ್ದರೂ ವಾರಗಟ್ಟಲೆ ಆರದ ದಣಿವಿನ ಹಿಂದೆ ರಕ್ತಹೀನತೆ, ಥೈರಾಯ್ಡ್ ತೊಂದರೆ ಅಥವಾ ಖಿನ್ನತೆ ಇರಬಹುದು. ಅಂಥವರನ್ನು ವೈದ್ಯರ ಬಳಿ ಕಳುಹಿಸುವುದು ವಿಶ್ವಾಸದ ಕೊರತೆಯಲ್ಲ, ದೂತನ ರೊಟ್ಟಿಯ ಇಂದಿನ ರೂಪ.

ಎರಡನೆಯದಾಗಿ, ಬಾಯಾರಿಕೆಯನ್ನು ವಿಚಾರಿಸಬೇಕು. ದಣಿದಿರುವಾಗಲೂ ಆ ವ್ಯಕ್ತಿ ದೇವರನ್ನು ಬಯಸುತ್ತಾನೆಯೇ? ಪ್ರಾರ್ಥಿಸಲಾಗುತ್ತಿಲ್ಲವೆಂಬ ನೋವು ಅವನಲ್ಲಿದೆಯೇ? ಇದ್ದರೆ ಸಮಾಧಾನ ಹೇಳಬೇಕು. ಪ್ರಾರ್ಥನೆಯ ವೇಳೆ ತಮ್ಮನ್ನು ಕಾಡುತ್ತಿದ್ದ ನಿದ್ದೆಯ ಬಗ್ಗೆ ಲಿಸಿಯದ ಸಂತ ತೆರೇಸಾರವರು (1873-1897) ಕಳವಳಗೊಳ್ಳಲಿಲ್ಲ. ಎಚ್ಚರವಿರುವ ಮಕ್ಕಳಷ್ಟೇ ಮಲಗಿದ ಮಕ್ಕಳೂ ಹೆತ್ತವರಿಗೆ ಪ್ರಿಯರೆಂಬುದು ಅವರ ನಂಬಿಕೆ. ಜಪಸರ ಹಿಡಿದೇ ನಿದ್ದೆ ಹೋದ ತಾಯಿಗೆ ನಾವು ಹೇಳಬೇಕಾದುದೂ ಇಷ್ಟೇ. ಆದರೆ ಬಯಕೆಯೇ ಬತ್ತಿದ್ದರೆ, ಆ ನಷ್ಟದ ನೋವೂ ಇಲ್ಲದಿದ್ದರೆ, ಅದು ಖಿನ್ನತೆಯ ರೋಗವಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಅಕೇದಿಯವನ್ನು ಅದರ ಹೆಸರಿನಿಂದಲೇ ಕರೆಯುವ ಧೈರ್ಯ ಬೇಕು. ಅದಕ್ಕೆ ಪಲಾಯನ ಮದ್ದಲ್ಲ. ಕೋಣೆಯನ್ನು ಬಿಡಬೇಡ ಎಂಬುದು ಎವಾಗ್ರಿಯುಸನ ಸಲಹೆ. ದೈವಿಕ ವಿಷಯಗಳನ್ನು ಹೆಚ್ಚು ಧ್ಯಾನಿಸಿದಷ್ಟೂ ಅವು ಹೆಚ್ಚು ಪ್ರಿಯವಾಗುತ್ತವೆ ಎಂಬುದು ಥೋಮಸರ ಅನುಭವಪೂರ್ಣ ಮಾತು. ನಿತ್ಯದ ಪ್ರಾರ್ಥನೆ ಎಷ್ಟೇ ಒಣಗಿದ್ದರೂ ಅದರಲ್ಲಿ ನಿಲ್ಲುವುದು, ಒಬ್ಬ ವಿಶ್ವಾಸಾರ್ಹ ಮಾರ್ಗದರ್ಶಿಗೆ ಮನಸ್ಸನ್ನು ತೆರೆಯುವುದು, ಕೈಯಲ್ಲಿರುವ ಚಿಕ್ಕ ಕೆಲಸವನ್ನು ಮುಗಿಸುವುದು: ಚಿಕಿತ್ಸೆ ಇಂಥ ಸಣ್ಣ ನಿಷ್ಠೆಗಳಲ್ಲಿದೆ. ಈ ಹೋರಾಟದ ನಂತರ ಶಾಂತಿಯೂ ವರ್ಣಿಸಲಾಗದ ಆನಂದವೂ ಬರುತ್ತವೆಂದು ಎವಾಗ್ರಿಯುಸನು ಭರವಸೆ ಕೊಡುತ್ತಾನೆ.

ಮೂರನೆಯದಾಗಿ, ಯಾಜಕರಾದ ನಾವು ಕೇಳುವುದನ್ನು ಕಲಿಯಬೇಕು. 2015ರ ಪವಿತ್ರ ಗುರುವಾರದ ತೈಲಾಭಿಷೇಕದ ಬಲಿಪೂಜೆಯಲ್ಲಿ ಜಗದ್ಗುರು ಫ್ರಾನ್ಸಿಸರು ಯಾಜಕರ ದಣಿವನ್ನೇ ಪ್ರವಚನದ ವಿಷಯವಾಗಿಸಿ, ಜನರ ನಡುವಿನ ಸೇವೆಯಿಂದ ಬರುವ ಒಳ್ಳೆಯ ದಣಿವನ್ನೂ ತನ್ನಲ್ಲೇ ಮುಳುಗಿದವನ ಅಪಾಯಕಾರಿ ದಣಿವನ್ನೂ ಬೇರ್ಪಡಿಸಿ ತೋರಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 2013ರ ಫೆಬ್ರವರಿ 11ರಂದು, ಜಗದ್ಗುರು 16ನೆಯ ಬೆನೆಡಿಕ್ಟರು ವಯಸ್ಸಿನ ಕಾರಣ ತಮ್ಮ ಶಕ್ತಿ ಈ ಸೇವೆಗೆ ಸಾಲದೆಂದು ಬಹಿರಂಗವಾಗಿ ಹೇಳಿ ಸ್ಥಾನತ್ಯಾಗವನ್ನು ಪ್ರಕಟಿಸಿದ್ದರು. ಧರ್ಮಸಭೆಯ ಅತ್ಯುನ್ನತ ಪೀಠದಿಂದಲೇ ಇಂಥ ಮಾತು ಬರಬಹುದಾದರೆ, ನೆರೆಯ ಧರ್ಮಕೇಂದ್ರದ ಸಹೋದರ ಯಾಜಕನಲ್ಲಿ ಒಂದು ಭಾನುವಾರದ ನೆರವನ್ನು ಕೇಳುವುದು ನಮಗೆ ಅವಮಾನವಾಗಬೇಕಾಗಿಲ್ಲ.

ವಿಶ್ರಾಂತಿಯನ್ನೇ ಪರಮಗುರಿಯಾಗಿಸುವ ಅಪಾಯವೂ ಉಂಟು. ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ನಿರ್ಜನ ಸ್ಥಳಕ್ಕೆ ಕರೆದೊಯ್ದಾಗ, ಜನರು ಮುಂಚಿತವಾಗಿಯೇ ಅಲ್ಲಿಗೆ ಬಂದಿದ್ದರು. ಅವರನ್ನು ಕಂಡು ಯೇಸು ಕನಿಕರಪಟ್ಟರು (ಮಾರ್ಕ 6:31-34). ವಿಶ್ರಾಂತಿಯ ಕರೆ ನಿಜವಾದುದು. ಕನಿಕರದ ಕರೆಯೂ ನಿಜವಾದುದು. ಇವೆರಡರ ನಡುವಿನ ಸಮತೋಲನವನ್ನು ಯಾವ ವೇಳಾಪಟ್ಟಿಯೂ ನಮಗಾಗಿ ನಿರ್ಣಯಿಸಿ ಕೊಡಲಾರದು. ಪವಿತ್ರಾತ್ಮರ ಬೆಳಕಿನಲ್ಲಿ ದಿನದಿನವೂ ವಿವೇಚಿಸಬೇಕು.

ಉಪಸಂಹಾರ

ದಣಿವು ಪಾಪವಲ್ಲ, ಪುಣ್ಯವೂ ಅಲ್ಲ. ಅದು ನಾವು ಸೃಷ್ಟಿಜೀವಿಗಳೆಂಬ ಸತ್ಯ. ಪ್ರೀತಿಗಾಗಿ ವ್ಯಯವಾದಾಗ ಅದು ಕ್ರಿಸ್ತರ ಶ್ರಮೆಯಲ್ಲಿ ಭಾಗಿಯಾಗುತ್ತದೆ. ಅನ್ಯಾಯದಿಂದ ಹೇರಿದಾಗ ಅದು ದೇವರ ನ್ಯಾಯಕ್ಕೆ ಮೊರೆಯಿಡುತ್ತದೆ. ಬಯಕೆಯನ್ನೇ ಕಳೆದುಕೊಂಡಾಗ ಆತ್ಮದ ರೋಗದ ಎಚ್ಚರಿಕೆಯಾಗುತ್ತದೆ. ಈ ಮೂರನ್ನು ಬೇರ್ಪಡಿಸಿ ತಿಳಿಯುವುದು ಗುರುಮಠದ ಶಿಕ್ಷಣದ ಭಾಗವಾಗಬೇಕೆಂದು ನಾವು ಭಾವಿಸುತ್ತೇವೆ. ನಾಳಿನ ಯಾಜಕರಿಗೆ ಪ್ರವಚನ ಮಾಡುವುದನ್ನು, ಲೆಕ್ಕ ಇಡುವುದನ್ನು, ಸಭೆ ನಡೆಸುವುದನ್ನು ಕಲಿಸುವ ನಾವು, ದಣಿದಾಗ ಎಲ್ಲಿ ಕುಳಿತುಕೊಳ್ಳಬೇಕು, ಯಾರಲ್ಲಿ ನೀರು ಕೇಳಬೇಕು ಎಂಬುದನ್ನೂ ಕಲಿಸೋಣ.